ಕೊಳೆ ಪುಟಗಳು

ಕೈಗವಸು ಕೊಡದೆ ಬ್ಲೀಚ್ ತೊಟ್ಟಿಯ ಕೆಲಸಕ್ಕೆ ಹಚ್ಚಿದ್ದರಿಂದ ಲಾಂಡ್ರಿಯ ಒಂಬತ್ತು ಹೆಂಗಸರ ಕೈ ಸುಟ್ಟುಹೋಯಿತು. ಕೈಗವಸು ಕೊಟ್ಟಿದ್ದೆವು ಎಂದು ಮ್ಯಾನೇಜರ್ ಬರೆದುಕೊಟ್ಟ.

ತನಿಖಾಧಿಕಾರಿ ಬಂದು ಒಂಬತ್ತೂ ಮಂದಿಯ ಹೇಳಿಕೆ, ಕಂಪ್ಯೂಟರಿನ ಕ್ಯಾಮೆರಾದಲ್ಲೇ ತೆಗೆದ ಸುಟ್ಟ ಕೈಗಳ ಫೋಟೊ ಎಲ್ಲವನ್ನೂ ಲಾಂಡ್ರಿಯ ಕಂಪ್ಯೂಟರಿಗೇ ಹಾಕಿಸಿ ಊಟಕ್ಕೆ ಹೋದರು. ಅವರ ಬೆನ್ನಿಗೇ ಕಂಪ್ಯೂಟರ್ ಆಮೆಯಾಯಿತು. ಮೆಮೊರಿ ತುಂಬಿದ್ದರೆ ಖಾಲಿ ಮಾಡು ಎಂದು ಮ್ಯಾನೇಜರ್ ಆಪರೇಟರ್ ಹುಡುಗಿಗೆ ಹೇಳಿದ. ಯಂತ್ರದೊಳಗೆ ಎಲ್ಲವನ್ನೂ ನಡೆಸುವ ಕರ್ನಲ್‌ಗೆ ಅವಳು ಆಜ್ಞೆ ಕೊಟ್ಟಳು. ಮೆಮೊರಿಯ ತುಣುಕುಗಳಿಗೆ ಪುಟ ಎನ್ನುತ್ತಾರೆ; ಡಿಸ್ಕಿನಲ್ಲಿ ಪ್ರತಿ ಇದ್ದ ಪುಟಗಳೆಲ್ಲ ಮೆಮೊರಿಯಿಂದ ಖಾಲಿಯಾದವು. ಒಂದಷ್ಟು ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ.

"ಇನ್ನೂ ಏನಮ್ಮ ಅದು?"

"ಡರ್ಟಿ ಪೇಜ್ ಅಂತಾರೆ ಸಾರ್. ಕೊಳೆ ಪುಟ."

"ಲಾಂಡ್ರೀಲಿ ಕೂತು ಕೊಳೆ ಸಾಕ್ತಿದ್ದೀಯಾ? ತೆಗೆದು ಬಿಸಾಕು."

ಅವಳು ನಗು ತಡೆದುಕೊಂಡು ಬಿಡಿಸಿ ಹೇಳಿದಳು. ಕೊಳೆ ಅಂದರೆ ಈಗಷ್ಟೇ ಬರೆದದ್ದು, ಡಿಸ್ಕಿಗೆ ಇನ್ನೂ ಇಳಿಯದ್ದು. ಬೇರೆಲ್ಲೂ ಪ್ರತಿ ಇಲ್ಲ, ಅದಕ್ಕೇ ಕರ್ನಲ್ ಅದನ್ನು ಎಸೆಯುವುದಿಲ್ಲ. ಡಿಸ್ಕ್ ಮುದಿಯಾಗಿದೆ, ಫೋಟೊಗಳು ಭಾರ, ಹತ್ತು ನಿಮಿಷ ಬೇಕು. ಯಾವ ಫೋಟೊ ಎಂದು ಅವನು ಕೇಳಿದ. ಬೆಳಗಿನವು ಎಂದಳು.

ಮ್ಯಾನೇಜರ್ ಎದ್ದು ಬಾಗಿಲು ಮುಚ್ಚಿದ. ದನಿ ಬೆಣ್ಣೆಯಾಯಿತು. ಕರೆಂಟ್ ಹೋದರೆ ಆ ಪುಟಗಳ ಗತಿಯೇನು ಎಂದು ವಿಚಾರಿಸಿದ. ಉಳಿಯುವುದಿಲ್ಲ ಎಂದು ಅವಳು ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು.

"ಹಾಗಾದ್ರೆ ಪ್ಲಗ್ ಕೀಳು. ಕರೆಂಟ್ ಹೋಗಿತ್ತು ಅಂದ್ಬಿಡೋಣ."

"ನನ್ನ ಕೈಲಾಗಲ್ಲ ಸಾರ್."

ಅವನೇ ಗೋಡೆಯ ಕಡೆ ನಡೆದ. ಆ ಒಂಬತ್ತು ಮಂದಿಯಲ್ಲಿ ಒಬ್ಬಳು, ಎಲ್ಲರೂ ದೊಡ್ಡಕ್ಕ ಎನ್ನುವ ಒಗೆಯುವ ಹೆಂಗಸು, ತನ್ನ ಹೇಳಿಕೆಯ ಪ್ರತಿಗಾಗಿ ಆಗಿನಿಂದ ಆ ಗೋಡೆಯ ಬಳಿಯೇ ನಿಂತಿದ್ದಳು. ಬಾಗಿಲು ಮುಚ್ಚುವಾಗಲೂ ಅವಳು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಅವಳೀಗ ಗೋಡೆಗೆ ಒರಗಿಕೊಂಡೇ ಜಾರಿ, ಪ್ಲಗ್ಗಿಗೆ ಬೆನ್ನುಕೊಟ್ಟು ನೆಲದ ಮೇಲೆ ಕೂತಳು. ಬ್ಯಾಂಡೇಜು ಸುತ್ತಿದ ಎರಡೂ ಕೈ ಮಡಿಲಲ್ಲಿದ್ದವು.

ಹುಡುಗಿ ಪರದೆ ನೋಡುತ್ತ, "ಕೊಳೆ ಇಳೀತಿದೆ ದೊಡ್ಡಕ್ಕ, ಇನ್ನು ಏಳು ನಿಮಿಷ" ಎಂದಳು.

ಮ್ಯಾನೇಜರ್ ದೊಡ್ಡಕ್ಕನ ಮೇಲೆ ಬಾಗಿದ. "ಏಳು."

"ಹೂಂ ಸಾರ್, ಏಳೇ ನಿಮಿಷ" ಎಂದಳು ದೊಡ್ಡಕ್ಕ. "ಹನ್ನೆರಡು ವರ್ಷ ಇಲ್ಲಿ ಒಗೀತಾ ನಿಂತಿದ್ದೀನಿ. ಅಷ್ಟು ಹೊತ್ತು ಕೂತಿರ್ತೀನಿ."