ಬಿಚ್ಚಿದ ಮಡಿಕೆ

2019ರ ಮಾರ್ಚ್ 14, ಬೆಳಿಗ್ಗೆ 10.40. ಮಗಳನ್ನು ಭೇಟಿಯಾಗಲು ಬಂದ ತಾಯಿ ನ್ಯಾಯಾಲಯದ ಮಕ್ಕಳ ಕೋಣೆಯ ಬಾಗಿಲು ತೆರೆದಾಗ ಮಗು ಅವಳ ನಾದಿನಿಯ ಕಿರುಬೆರಳು ಹಿಡಿದು ನಿಂತಿದ್ದಳು. ಗಂಡ ಹೇಳದೆ ಕೇಳದೆ ಮಗುವನ್ನು ಶಾಲೆಯಿಂದಲೇ ತನ್ನ ತಂಗಿಯ ಮನೆಗೆ ಎತ್ತಿಕೊಂಡು ಹೋಗಿ ವರ್ಷವಾಗಿತ್ತು. ಆದರೆ ಈಗ ತಾಯಿಯ ಹೊಟ್ಟೆ ಉರಿದದ್ದು ಆ ಬೆರಳನ್ನು ನೋಡಿ.

ಅವಳು ದರ್ಜಿ. ಕಣ್ಣು ತಾನಾಗಿಯೇ ಮಗಳ ಫ್ರಾಕಿನ ಅಂಚಿಗೆ ಇಳಿಯಿತು. ತಾನೇ ಹೊಲಿದು, ಆ ದಿನ ಶಾಲೆಗೆ ತೊಡಿಸಿ ಕಳಿಸಿದ್ದ ನೀಲಿ ಫ್ರಾಕು. ಮಗು ಬೆಳೆದ ಹಾಗೆ ಬಿಡಿಸಿಕೊಳ್ಳಲೆಂದು ಒಳಗೆ ಮಡಚಿಟ್ಟಿದ್ದ ಬಟ್ಟೆಯನ್ನು ಬೇರೆ ಕೈಯೊಂದು ಬಿಚ್ಚಿ, ಅಂಚು ಹೊಲಿದಿತ್ತು. ಹೊಲಿಗೆ ಚೆನ್ನಾಗಿಯೇ ಇತ್ತು. ಅದನ್ನೇ ಅವಳಿಂದ ಸಹಿಸಲಾಗಲಿಲ್ಲ.

"ಓಹೋ, ನಿನ್ನ ಅತ್ತೆ ಈಗ ದರ್ಜಿನೂ ಆಗ್ಬಿಟ್ರಾ?" ಎಂದು ಮಗಳನ್ನು ಕೇಳಿದಳು.

"ಏನ್ ಮಾಡ್ಲಿ ಅತ್ತಿಗೆ," ನಾದಿನಿ ತಲೆ ತಗ್ಗಿಸಿದಳು. "ಹೊಸದು ತಂದ್ರೆ ಮುಟ್ತಾನೇ ಇರ್ಲಿಲ್ಲ. ಅಮ್ಮ ಹೊಲ್ದಿದ್ದೇ ಬೇಕು ಅಂತ ಒಂದೇ ಹಟ."

ತಾಯಿ ಮಂಡಿಯೂರಿದಳು. ಅಂಗಡಿಯಿಂದ ಓಡಿಬರುವ ಅವಸರದಲ್ಲಿ ಟೇಪು ಅವಳ ಕೊರಳಲ್ಲೇ ಉಳಿದಿತ್ತು. ಮಗಳು ಅತ್ತೆಯ ಬೆರಳು ಬಿಟ್ಟು ಅದರ ತುದಿ ಹಿಡಿದಳು.

"ಅಳತೆ ತಗೋ, ಅಮ್ಮ."

ಹಳೆಯ ಮಡಿಕೆಯ ಬಿಳಿಚಿದ ಗೆರೆಯಿಂದ ಹೊಸ ಅಂಚಿನವರೆಗೆ ಅವಳು ಟೇಪು ಹಿಡಿದಳು. ಒಂದು ವರ್ಷಕ್ಕೆ ಎರಡೂವರೆ ಇಂಚು.