ಅಪ್ಪನ ಗೂಟ

ಪರದೆಯ ಮೇಲೆ ಸಮುದ್ರ ಮುಂದಿನ ಐವತ್ತು ವರ್ಷಗಳಲ್ಲಿ ಊರಿನ ಅರ್ಧ ದಂಡೆಯನ್ನು ನುಂಗಿತು. ಅವಳ ತವರುಮನೆಯ ಮುಂದೆ ಮಾತ್ರ ಒಂದಡಿಯೂ ಒಳಗೆ ಬರದೆ ನಿಂತಿತು. ಸಮುದ್ರಕ್ಕೆ ಇಷ್ಟು ದಾಕ್ಷಿಣ್ಯ ಇರುವುದು, ಹನ್ನೆರಡು ವರ್ಷ ಇದೇ ಲೆಕ್ಕ ಮಾಡಿದ್ದ ಅವಳಿಗೂ ಗೊತ್ತಿರಲಿಲ್ಲ. ದಂಡೆಯುದ್ದಕ್ಕೂ ಗೂಟಗಳಿದ್ದವು, ಗೂಟಕ್ಕೊಬ್ಬ ಅಳತೆಗಾರ. ತಿಂಗಳಿಗೊಮ್ಮೆ ಗೂಟದಿಂದ ನೀರಿನವರೆಗೆ ಟೇಪು ಹಿಡಿದು ಬರೆದ ಆ ಅಂಕಿಗಳನ್ನೇ ಅವಳು ಕಂಪ್ಯೂಟರಿಗೆ ಉಣಿಸಿದ್ದು. ಮನೆಯ ಮುಂದಿನ ಗೂಟ ಅಪ್ಪನದು. ಅವರು ತೀರಿಕೊಂಡ ಮೇಲೆ ಅಕ್ಕನದು. ಇಪ್ಪತ್ತೆಂಟು ವರ್ಷವೂ ಅಲ್ಲಿ ಒಂದೇ ಅಂಕಿ: ನಲವತ್ತು ಮೀಟರು.

ಅಷ್ಟರಲ್ಲಿ ಅಕ್ಕನದೇ ಫೋನು. "ಮೇಸ್ತ್ರಿ ಬಂದು ಕೂತಿದಾನೆ. ಕೆಳಗಿನ ಗೋಡೆ ಬರೀ ತೇವ ಕಣೆ, ಮಹಡಿ ಕಟ್ಟಿಸಿ ಮೇಲೇ ಇದ್ದುಬಿಡ್ತೀವಿ. ಏನನ್ನುತ್ತೆ ನಿನ್ನ ಡಬ್ಬ?"

"ಅಕ್ಕ, ಅಳತೆ ಒಂದ್ಸಲಾನೂ ಹೆಚ್ಚುಕಮ್ಮಿ ಆಗ್ಲಿಲ್ವಾ?"

"ಅಪ್ಪ ಸುಳ್ಳು ಬರೆಯೋರೇನೇ? ಗೂಟ ನೀರಿಂದ ನಲವತ್ತು ಮೀಟರ್ ದೂರದಲ್ಲಿರ್ಬೇಕು ಅಂತ ಆಫೀಸಿನ ಕಾಗದದಲ್ಲೇ ಇತ್ತಲ್ಲ. ನೀರು ಹತ್ರ ಬಂದಾಗೆಲ್ಲ ಕಿತ್ತು ಹಿಂದೆ ನೆಡ್ತಿದ್ರು. ನಾನೂ ಹಾಗೇ ಮಾಡ್ತಿದೀನಿ."

ಅವಳು ಮೌಸು ಬಿಟ್ಟು ಫೋನನ್ನು ಕಿವಿಗೆ ಒತ್ತಿ ಹಿಡಿದಳು. "ಈಗ ಗೂಟ ಎಲ್ಲಿದೆ?"

"ಮನೆ ಹಿಂದೆ, ರಸ್ತೆ ಅಂಚಲ್ಲಿ. ಹೋದ ತಿಂಗಳು ನೆಟ್ಟೆ. ಸರಿಯಾಗಿ ನಲವತ್ತು, ಬೇಕಾದ್ರೆ ಮೇಸ್ತ್ರೀನೇ ಕೇಳು."

ಆ ನಲವತ್ತು ಮೀಟರಿನೊಳಗೇ ಮನೆಯಿತ್ತು. ಮನೆಯೊಳಗೆ ಅಕ್ಕ ಉತ್ತರಕ್ಕೆ ಕಾಯುತ್ತಿದ್ದಳು.