ತಂಗಿಯ ಕಿಡ್ನಿ

ಡಾಕ್ಟರಮ್ಮ ತಂಗಿ ಜೊನಲಿನ್‌ಳನ್ನಷ್ಟೇ ಒಳಗೆ ಕರೆದು ಬಾಗಿಲು ಹಾಕಿಸಿದಾಗ ಲುದಿವಿನಾ ಮುಚ್ಚಿದ ಬಾಗಿಲನ್ನೇ ನೋಡುತ್ತ ಕೂತಳು. ಕಿಡ್ನಿ ಬೇಕಾಗಿರುವುದು ತನಗೆ. ತನ್ನನ್ನೇ ಹೊರಗೆ ಕೂರಿಸಿ ಜೊನಲಿನ್ ಹತ್ತಿರ ಆಡುವಂಥ ಮಾತೇನು?

ಇಲೊಯಿಲೊ ಪೇಟೆಯಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಲುದಿವಿನಾ, ಕಾಲು ಊದಿದರೆ ದಿನವಿಡೀ ಮಿಷನ್ ತುಳಿದದ್ದಕ್ಕೆ ಎಂದುಕೊಂಡು ವರ್ಷಗಟ್ಟಲೆ ತಳ್ಳಿದ್ದಳು. ಕಿಡ್ನಿಯ ಉರಿಯೂತವೆಂದು ಗೊತ್ತಾಗುವಷ್ಟರಲ್ಲಿ ಎರಡೂ ಸೋಲತೊಡಗಿದ್ದವು. ಮುಂದೇನೆಂದು ಕೇಳಿದಾಗಲೆಲ್ಲ ಡಾಕ್ಟರಮ್ಮ, ಒಬ್ಬೊಬ್ಬರದು ಒಂದೊಂದು ಥರ, ಕೆಲವರು ಮಾತ್ರೆಯಲ್ಲೇ ಮುದುಕರಾಗುತ್ತಾರೆ, ಕೆಲವರಿಗೆ ಬೇಗ ಕೈಕೊಡುತ್ತದೆ ಎನ್ನುತ್ತಿದ್ದರು. ತಾನು ಯಾವ ಗುಂಪೆಂದು ಅವಳಿಗೆ ತಿಳಿದುಹೋಗಿತ್ತು. ಆಗಲೇ ಜೊನಲಿನ್, ಕೇಳುವ ಮೊದಲೇ, ತನ್ನದೊಂದು ಕೊಡುತ್ತೇನೆಂದು ಬಂದಿದ್ದಳು. ಹುಡುಗಿಯರಿಗೆ ವಾಲಿಬಾಲ್ ಕಲಿಸುವವಳು. ಜ್ವರವೆಂದು ಒಂದು ದಿನ ಮಲಗಿದವಳಲ್ಲ.

ಬಾಗಿಲು ತೆರೆಯಿತು. ಜೊನಲಿನ್ ಬಂದು ಅಕ್ಕನ ಪಕ್ಕದಲ್ಲಿ ಕೂತಳು.

"ಹೊಂದ್ಲಿಲ್ವಾ?" ಲುದಿವಿನಾ ಕೇಳಿದಳು.

"ಹೊಂದುತ್ತಂತೆ ಅಕ್ಕ. ಆದ್ರೆ ತಗೊಳ್ಳಲ್ವಂತೆ."

ಅವಳ ಮೂತ್ರದಲ್ಲಿ ರಕ್ತ, ಪ್ರೋಟೀನ್ ಸಿಕ್ಕಿತ್ತು. ಇನ್ನೂ ಪರೀಕ್ಷೆ ಆಗಬೇಕು, ಆದರೆ ಅಕ್ಕನ ಕಾಯಿಲೆಯೇ ಇವಳಲ್ಲೂ ಶುರುವಾದಂತಿದೆ ಎಂದಿದ್ದರು ಡಾಕ್ಟರಮ್ಮ.

ಅಯ್ಯೋ, ನನಗೆ ಬರಬೇಕಾದ ಕಿಡ್ನಿ ಹೋಯಿತಲ್ಲ ಎಂದೇ ಲುದಿವಿನಾಳಿಗೆ ಮೊದಲು ಅನ್ನಿಸಿದ್ದು. ಮರುಕ್ಷಣ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ತಲೆಯೆತ್ತಿದರೆ, ತಂಗಿ ಅವಳ ಬಾತ ಕಣ್ಣುಗಳನ್ನೂ ಚಪ್ಪಲಿಯೊಳಗೆ ಹಿಡಿಸದ ಪಾದಗಳನ್ನೂ ದಿಟ್ಟಿಸುತ್ತಿದ್ದಳು.

"ನಾನೂ ಹೀಗೇ ಆಗ್ತೀನಾ?"

ಒಬ್ಬೊಬ್ಬರದು ಒಂದೊಂದು ಥರ ಎಂಬ ಮಾತು ಲುದಿವಿನಾಳ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಕೇಳಿ ತಾನೆಷ್ಟು ರಾತ್ರಿ ನಿದ್ದೆಗೆಟ್ಟಿದ್ದೆನೆಂದು ಅವಳಿಗೆ ಗೊತ್ತು. ನುಂಗಿಕೊಂಡಳು.

"ನನ್ನ ನೋಡಿ ಹೆದರ್ಬೇಡ ಕಣೇ. ನಾನು ಕಾಲು ಊದ್ಕೊಂಡ ಮೇಲೂ ಮೂರು ಹೊತ್ತು ಉಪ್ಪುಮೀನು ತಿಂದ್ಕೊಂಡು ಕೂತಿದ್ದೋಳು. ನಿಂಗೆ ಬೇಗ ಗೊತ್ತಾಗಿದೆ. ಮಾತ್ರೆ ಬಿಡ್ಬೇಡ, ಅಷ್ಟೆ."

"ಮತ್ತೆ ನಿಂಗೆ?"

"ನಂಗೆ ಡಯಾಲಿಸಿಸ್ ಇದೆಯಲ್ಲ."

ಲುದಿವಿನಾ ತಂಗಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಕೊಡ್ತೀನಿ ಅಂದಿದ್ದೆ ತಾನೆ ನೀನು? ಕೊಟ್ಟಾಯ್ತು ಅಂದ್ಕೋ. ನಿನ್ನೊಳಗೆ ಇರೋದು ನನ್ನ ಕಿಡ್ನಿ. ಹಾಳು ಮಾಡ್ಕೊಂಡ್ಯೋ, ನಿನ್ನ ಸುಮ್ನೆ ಬಿಡಲ್ಲ."